ತೂಕ ಹೆಚ್ಚಬೇಕೆ, ಬಲ ಹೆಚ್ಚಬೇಕೆ?

ಕೆಲವು ತಿಂಗಳುಗಳ ಹಿಂದೆ ನಮ್ಮ ಸಂಘದ ಸದಸ್ಯರೊಬ್ಬರು ತಮ್ಮ ಸೋದರಳಿಯನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅಳಿಯನಿಗೆ 24 ವರ್ಷ. ಧಾರವಾಡದ ಕಡೆಯಿಂದ ಉದ್ಯೋಗಕ್ಕಾಗಿ ಪುಣೆಗೆ ಬಂದು ಮೆಸ್ಸಿನ ಊಟದಲ್ಲಿ ದಿನ ಕಳೆಯುತ್ತಿರುವ ಹುಡುಗ. ಎತ್ತರ 172 ಸೆಂಟಿಮೀಟರು, ತೂಕ 54 ಕಿಲೋ. ಮಾವನವರಿಗೆ 47 ವರ್ಷ. ಎತ್ತರ 168 ಸೆಂಟಿಮೀಟರು, ತೂಕ 70 ಕಿಲೋ, ಸೊಂಟದ ಸುತ್ತಳತೆ 98 ಸೆಂಟಿಮೀಟರು. ಇಬ್ಬರೂ ಒಂದೇ ದಿನ ಒಂದೇ ವ್ಯಾಯಾಮಶಾಲೆಗೆ ಸೇರಿದ್ದರು. “ಮೊದಲು ಚೆನ್ನಾಗಿ ತಿಂದು ತೂಕ ಏರಿಸಿ, ಬಲ ತಾನಾಗಿ ಬರುತ್ತದೆ” ಎಂದು ಅಲ್ಲಿಯ ಶಿಕ್ಷಕ ಇಬ್ಬರಿಗೂ ಒಂದೇ ಉಪದೇಶ ಮಾಡಿ, ತೂಕ ಏರಿಸುವ ಪುಡಿಯ ಡಬ್ಬಿಯೊಂದನ್ನು ತೋರಿಸಿದ್ದ.

“ಡಾಕ್ಟರೇ, ಮಗ ಸೊರಗಿದ್ದಾನೆಂದು ನಮ್ಮ ಅಕ್ಕ ದಿನವೂ ಫೋನಿನಲ್ಲಿ ಕೊರಗುತ್ತಾಳೆ. ಇವನ ಮೈಗೆ ಏನೂ ಹತ್ತುತ್ತಿಲ್ಲ. ನಾನಾದರೋ ಎರಡೇ ತಿಂಗಳಲ್ಲಿ ನಾಲ್ಕು ಕಿಲೋ ಏರಿದ್ದೇನೆ. ಇದು ಬಲವೋ ಬೊಜ್ಜೋ ತಿಳಿಯದು” ಎಂದರು ಮಾವನವರು. ರಕ್ತಪರೀಕ್ಷೆ ಮಾಡಿಸಿದಾಗ ಅವರ ಸಕ್ಕರೆಯ ಪ್ರಮಾಣ ಮಧುಮೇಹದ ಹೊಸ್ತಿಲಿನಲ್ಲಿತ್ತು. ಒಬ್ಬರಿಗೆ ಹಿತವಾದ ಉಪದೇಶವೇ ಮತ್ತೊಬ್ಬರಿಗೆ ಅಹಿತವಾದದ್ದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಲ ಎಲ್ಲಿಂದ ಬರುತ್ತದೆ?

ಹೊಸದಾಗಿ ಭಾರ ಎತ್ತಲು ತೊಡಗಿದವನ ಶಕ್ತಿ ಮೊದಲ ಕೆಲವು ವಾರಗಳಲ್ಲಿ ಬೇಗ ಬೇಗನೆ ಹೆಚ್ಚುತ್ತದೆ. ಆಗ ಸ್ನಾಯುಗಳು ಗಾತ್ರದಲ್ಲಿ ಅಷ್ಟೇನೂ ಬೆಳೆದಿರುವುದಿಲ್ಲ. ಇರುವ ಸ್ನಾಯುಗಳನ್ನು ಒಟ್ಟಾಗಿ ದುಡಿಸುವುದನ್ನು ನರಮಂಡಲ ಕಲಿತಿರುತ್ತದೆ, ಅಷ್ಟೆ. ಆದುದರಿಂದ ಈ ಘಟ್ಟದಲ್ಲಿ ಬಲಕ್ಕಾಗಿ ತೂಕ ಏರಿಸಬೇಕೆಂಬ ನಿಯಮವಿಲ್ಲ. ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ (ಅವು ನಡೆದದ್ದು 2021ರಲ್ಲಿ) ಮಣಿಪುರದ ಮೀರಾಬಾಯಿ ಚಾನು 49 ಕಿಲೋ ವರ್ಗದಲ್ಲಿ ಸ್ಪರ್ಧಿಸಿ, ಕ್ಲೀನ್ ಅಂಡ್ ಜರ್ಕ್ ವಿಧಾನದಲ್ಲಿ 115 ಕಿಲೋ ಭಾರವನ್ನು ತಲೆಯ ಮೇಲೆತ್ತಿ ಬೆಳ್ಳಿಯ ಪದಕ ಪಡೆದರು. ಅದು ತಮ್ಮ ವರ್ಗದ ತೂಕದ ಎರಡು ಪಟ್ಟಿಗಿಂತಲೂ ಹೆಚ್ಚು! ಕೃಶವಾದ ಶರೀರ ದುರ್ಬಲವೇ ಆಗಿರಬೇಕಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕಾಲಕ್ರಮದಲ್ಲಿ ಹೆಚ್ಚು ಸ್ನಾಯು ಹೆಚ್ಚು ಬಲವನ್ನು ಕೊಡುತ್ತದೆಂಬುದೂ ಸತ್ಯವೇ. ಭಾರ ಎತ್ತುವ ಸ್ಪರ್ಧೆಗಳನ್ನು ದೇಹದ ತೂಕಕ್ಕೆ ಅನುಸಾರವಾಗಿ ವಿಂಗಡಿಸುವುದು ಈ ಕಾರಣದಿಂದಲೇ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕಿಲೋ ವರ್ಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು. ವರ್ಗ ಐದು ಕಿಲೋ ಮೇಲೇರಿತು, ಎತ್ತಿದ ಭಾರ ಇಪ್ಪತ್ತು ಕಿಲೋ ಹೆಚ್ಚಿತು. ಈ ಎರಡರ ನಡುವೆ ನಾಲ್ಕು ವರ್ಷಗಳ ಕಠಿನ ಸಾಧನೆಯಿದೆ ಎಂಬುದನ್ನು ಮಾತ್ರ ಮರೆಯಲಾಗದು. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಏರಿದ ನಮ್ಮ ಮಾವನವರು ಗಳಿಸಿದ್ದು ಬಹುಪಾಲು ಸ್ನಾಯುವಲ್ಲ, ಕೊಬ್ಬು.

ತಕ್ಕಡಿ ಹೇಳದ ಮಾತು

ತೂಕದ ಯಂತ್ರ ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಇದಕ್ಕೆ ಸ್ವಾರಸ್ಯವಾದ ನಿದರ್ಶನವೊಂದು 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡಿದ್ದರು. ತೂಕದ ಕಿಲೋಗಳನ್ನು ಎತ್ತರದ ಮೀಟರುಗಳಿಂದ ಎರಡು ಬಾರಿ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರಷ್ಟೆ. ಇಬ್ಬರ ಬಿ.ಎಂ.ಐ.ಯೂ 22.3 ಆಗಿತ್ತು. ಆದರೆ ಯುಡ್ಕಿನ್ನರ ಶರೀರದಲ್ಲಿ ಕೊಬ್ಬಿನ ಅಂಶ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2! ಭಾರತೀಯರಾದ ನಮ್ಮಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಭಾಗದಲ್ಲಿ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚು. ಮಧುಮೇಹಕ್ಕೂ ಹೃದ್ರೋಗಕ್ಕೂ ಈ ಕೊಬ್ಬು ದಾರಿ ಮಾಡುತ್ತದೆ.

ಆದಕಾರಣ ಭಾರತೀಯರಿಗಾಗಿ ಮಿತಿಗಳನ್ನು ಬಿಗಿಗೊಳಿಸಲಾಗಿದೆ. ಬಿ.ಎಂ.ಐ. 18.5ಕ್ಕಿಂತ ಕಡಿಮೆಯಾದರೆ ಕೃಶತೆ. 23 ದಾಟಿದರೆ ಅಧಿಕ ತೂಕ. 25 ದಾಟಿದರೆ ಸ್ಥೂಲಕಾಯ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ಮೀರಬಾರದು.

ಯಾರು ಏರಿಸಬೇಕು?

ಅಳಿಯನ ಬಿ.ಎಂ.ಐ. 18.3ರ ಸಮೀಪ. ಅವನು ತೂಕ ಏರಿಸಬೇಕಾದವನೇ. ಮಾವನವರದು ಸುಮಾರು 24.8, ಸೊಂಟವೂ ಮಿತಿಯನ್ನು ಮೀರಿದೆ. ಅವರು ಭಾರ ಎತ್ತುವುದನ್ನು ಖಂಡಿತ ಮುಂದುವರಿಸಬೇಕು, ತೂಕವನ್ನು ಮಾತ್ರ ಏರಿಸಬಾರದು. “ಹಾಗಾದರೆ ನನ್ನ ಸ್ನಾಯು ಬೆಳೆಯುವುದು ಯಾವುದರಿಂದ?” ಎಂದು ಅವರು ಕೇಳಿದರು. ಮನೆ ಕಟ್ಟುವವನ ಕೈಯಲ್ಲಿ ಗಂಟಿದ್ದರೆ ಅವನು ಸಾಲ ಮಾಡಬೇಕಾಗಿಲ್ಲ. ಹೊಟ್ಟೆಯ ಕೊಬ್ಬೇ ಅಂತಹ ಗಂಟು. ಆಹಾರದಲ್ಲಿ ಸಾಕಷ್ಟು ಪ್ರೋಟೀನು ಇದ್ದರೆ, ಹೊಸದಾಗಿ ಸಾಧನೆ ಆರಂಭಿಸಿದವರ ಶರೀರ ಕೊಬ್ಬನ್ನು ಕರಗಿಸುತ್ತಲೇ ಸ್ನಾಯುವನ್ನು ಕಟ್ಟಬಲ್ಲದು. ಅಳಿಯನಲ್ಲಿ ಈ ಗಂಟಿಲ್ಲ, ಹೊರಗಿನಿಂದಲೇ ತರಬೇಕು.

ಇವರಿಬ್ಬರ ನಡುವಿನವರು, ಎಂದರೆ ತೂಕವೂ ಸೊಂಟವೂ ಮಿತಿಯೊಳಗಿರುವವರು, ಅವಸರಪಡಬೇಕಾಗಿಲ್ಲ. ಎತ್ತುವ ಭಾರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿರುವವರೆಗೆ ಇದ್ದ ತೂಕದಲ್ಲೇ ಮುಂದುವರಿಯಬಹುದು. ನಿದ್ರೆ, ಅಭ್ಯಾಸ, ಪ್ರೋಟೀನು ಮೂರೂ ಸರಿಯಾಗಿದ್ದು ಪ್ರಗತಿ ಹಲವು ವಾರ ನಿಂತುಹೋದಾಗ ಮಿತವಾಗಿ ತೂಕ ಏರಿಸುವ ಯೋಚನೆ ಮಾಡಬಹುದು.

ಏರಿಸುವ ಕ್ರಮ

ವಾರಕ್ಕೆ ದೇಹತೂಕದ ಶೇಕಡ ಕಾಲರಿಂದ ಅರ್ಧದಷ್ಟು ಏರಿದರೆ ಸಾಕು. ಅಳಿಯನ ಲೆಕ್ಕದಲ್ಲಿ ಇದು ತಿಂಗಳಿಗೆ ಅರ್ಧ ಕಿಲೋವಿನಿಂದ ಒಂದು ಕಿಲೋ. ಇದಕ್ಕೆ ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕು: ಒಂದು ಲೋಟ ಹಾಲು ಮತ್ತು ಒಂದು ಹಿಡಿ ಶೇಂಗಾ. ದುಬಾರಿ ಪುಡಿಯ ಡಬ್ಬಿ ಅನವಶ್ಯಕ; ತೂಕ ಏರಿಸುವ ಇಂತಹ ಪುಡಿಗಳಲ್ಲಿ ಹಲವು ಮುಖ್ಯವಾಗಿ ಸಕ್ಕರೆ–ಪಿಷ್ಟಗಳ ಮಿಶ್ರಣವೇ.

ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋವಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ನಮ್ಮ ದೇಶದ ಶಿಫಾರಸು. ಸ್ನಾಯು ಬೆಳೆಸುವ ಸಾಧಕರಿಗೆ ಸುಮಾರು 1.6 ಗ್ರಾಂ ಉಪಯುಕ್ತ. 54 ಕಿಲೋ ತೂಗುವವನಿಗೆ ಇದು ದಿನಕ್ಕೆ 86 ಗ್ರಾಂ ಆಗುತ್ತದೆ. ಅನ್ನ, ತಿಳಿಸಾರುಗಳಿಂದ ಇದು ಪೂರೈಸದು. ಗಟ್ಟಿ ಬೇಳೆ, ಮೊಳಕೆ ಕಾಳು, ಹಾಲು, ಮೊಸರು, ಪನೀರು, ಸೋಯಾ, ಮೊಟ್ಟೆ, ಮೀನುಗಳಲ್ಲಿ ತಮಗೆ ಒಗ್ಗಿದುದನ್ನು ಪ್ರತಿ ಹೊತ್ತಿನ ಊಟದಲ್ಲಿಯೂ ಸೇರಿಸಿಕೊಳ್ಳಬೇಕು. ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಲಾಗದು.

ಗರಡಿಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿಗಳನ್ನು ಧಾರಾಳವಾಗಿ ಸೇವಿಸುತ್ತಿದ್ದರೆಂದು ಕೆಲವರು ವಾದಿಸುವುದುಂಟು. ಅವರು ಗಂಟೆಗಟ್ಟಲೆ ಸಾಮು ಮಾಡುತ್ತಿದ್ದರು. ದಿನವೆಲ್ಲ ಮೇಜಿನ ಮುಂದೆ ಕುಳಿತು, ಮುಕ್ಕಾಲು ಗಂಟೆ ವ್ಯಾಯಾಮ ಮಾಡುವ ನಮಗೆ ಆ ಊಟ ಒಪ್ಪುವುದಿಲ್ಲ.

ಲೆಕ್ಕದ ಪುಸ್ತಕ

ಒಂದು ಟೇಪು, ಒಂದು ತೂಕದ ಯಂತ್ರ, ಒಂದು ನೋಟುಪುಸ್ತಕ ಇದ್ದರೆ ಸಾಕು. ವಾರಕ್ಕೊಮ್ಮೆ ಬೆಳಿಗ್ಗೆ, ತಿನ್ನುವ ಮೊದಲು, ತೂಕ ನೋಡಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿಗಳ ನಡುವೆ, ಸಹಜವಾಗಿ ಉಸಿರು ಬಿಟ್ಟು, ಸುತ್ತಳತೆ ತೆಗೆಯಿರಿ. ಎತ್ತಿದ ಭಾರವನ್ನೂ ಬರೆದಿಡಿರಿ. ಆಹಾರ ಹೆಚ್ಚಿಸಿದ ಮೊದಲ ವಾರಗಳಲ್ಲಿ ತೂಕ ಥಟ್ಟನೆ ಏರಿದರೆ ಅದರಲ್ಲಿ ನೀರಿನ ಪಾಲೂ ಇರುತ್ತದೆ; ಹಿಗ್ಗಬೇಕಾಗಿಲ್ಲ. ತೂಕವೂ ಭಾರವೂ ಏರಿ, ಸೊಂಟ ಹೆಚ್ಚುಕಡಿಮೆ ಹಾಗೆಯೇ ಇದ್ದರೆ ದಾರಿ ಸರಿಯಾಗಿದೆ. ತೂಕವೂ ಸೊಂಟವೂ ಏರಿ ಭಾರ ನಿಂತಲ್ಲೇ ನಿಂತರೆ ಊಟ ತಗ್ಗಿಸಬೇಕೆಂದು ಅರ್ಥ.

ಎರಡು ಎಚ್ಚರಿಕೆಗಳು. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ ವ್ಯಾಯಾಮಶಾಲೆಗೆ ಮುಂಚೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕ್ಷಯ, ಮಧುಮೇಹ, ಥೈರಾಯ್ಡ್ ಗ್ರಂಥಿಯ ದೋಷ ಇವು ಕಾರಣವಾಗಿರಬಹುದು. ಬೇಗ ಮೈ ಬೆಳೆಯಲೆಂದು ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದುಗಳ ಮೊರೆಹೋಗುವುದು ಹೃದಯ, ಯಕೃತ್ತು, ಸಂತಾನಶಕ್ತಿ ಮೂರನ್ನೂ ಪಣಕ್ಕಿಟ್ಟಂತೆ.

ಆರು ತಿಂಗಳಾದ ಮೇಲೆ ಅಳಿಯ–ಮಾವ ತಮ್ಮ ನೋಟುಪುಸ್ತಕಗಳೊಡನೆ ಮತ್ತೆ ಬಂದರು. ಅಳಿಯ 58 ಕಿಲೋ ಆಗಿದ್ದ. ಸೊಂಟ ಒಂದೇ ಸೆಂಟಿಮೀಟರು ಹೆಚ್ಚಿತ್ತು. ಮಾವನವರು 67 ಕಿಲೋವಿಗೆ ಇಳಿದಿದ್ದರು. ಸೊಂಟ 93, ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ಒಬ್ಬರು ಏರಿ ಒಬ್ಬರು ಇಳಿದಿದ್ದರೂ ಇಬ್ಬರೂ ಎತ್ತುವ ಭಾರ ಮಾತ್ರ ಹೆಚ್ಚಿತ್ತು. ಊರಿನ ತಾಯಿಗೆ ಏನು ಹೇಳಿದಿರೆಂದು ಕೇಳಿದೆ. “ಮಗ ದಪ್ಪಗಾಗಿಲ್ಲ, ಗಟ್ಟಿಯಾಗಿದ್ದಾನೆಂದು ಹೇಳಿದೆ” ಎಂದು ಮಾವನವರು ನಕ್ಕರು. ತೂಕ ಏರಿಸಬೇಕೆ ಎಂದು ಯೋಚಿಸುವ ಓದುಗರು ಮೊದಲು ತಮ್ಮ ಸೊಂಟವನ್ನು ಅಳೆದುಕೊಂಡು, ಆಮೇಲೆ ನಿರ್ಧರಿಸುವುದು ಲೇಸು.