ಕಿರುಗೊಂಬೆಗಳ ದಂಡು ಮತ್ತು ಆರೋಗ್ಯದ ಎಚ್ಚರ

ಕಳೆದ ನವರಾತ್ರಿಯ ಸಮಯದಲ್ಲಿ ದಂಡಿನಶಿವರದ ಕಡೆಯ ತಾಯಿಯೊಬ್ಬರು ಮಠಕ್ಕೆ ಬಂದಾಗ ತಮ್ಮ ಮನದ ಅಳಲನ್ನು ನಮ್ಮೊಡನೆ ಹೇಳಿಕೊಂಡರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಹಬ್ಬಕ್ಕೆ ಊರಿಗೆ ಬಂದವನು ತೋಟದ ಕಡೆ ತಲೆಹಾಕದೆ, ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಕುಳಿತು ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದಾನಂತೆ. ಒಂದರ ಕೈ ಕತ್ತರಿಸಿ ಇನ್ನೊಂದಕ್ಕೆ ಅಂಟಿಸುತ್ತಾನೆ. ರಾತ್ರಿ ಎರಡು ಗಂಟೆಯಾದರೂ ದೀಪ ಆರುವುದಿಲ್ಲ. ಅವನನ್ನು ನೋಡಿ ಆರು ವರ್ಷದ ಮೊಮ್ಮಗಳೂ ಹಿಂದಿನ ಕಾಲದ ದಸರಾ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಮರಳು ಕಾಗದದಿಂದ ಹಳೆಯ ಬಣ್ಣವನ್ನು ಉಜ್ಜತೊಡಗಿದ್ದಾಳೆ. "ಮಗನಿಗೆ ಇದೆಂಥ ಹುಚ್ಚು ಸ್ವಾಮಿ, ಇದರಿಂದ ಏನಾದರೂ ತೊಂದರೆ ಉಂಟೇ?" ಎಂದು ಆ ತಾಯಿ ಕೇಳಿದರು. ಅವರಿಗೆ ಮಗನ ಚಿಂತೆ. ನಮಗಾದರೋ ಮೊಮ್ಮಗಳ ಚಿಂತೆಯೇ ಹೆಚ್ಚಾಯಿತು. ಅದೇಕೆಂಬುದನ್ನು ಎಲ್ಲ ಸದ್ಭಕ್ತರಿಗೂ ತಿಳಿಸುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಏನಿದು ಹವ್ಯಾಸ?

ದಂಡು ಎಂಬ ಪದ ನಮ್ಮ ದಂಡಿನಶಿವರದ ಹೆಸರಿನಲ್ಲಿಯೇ ಇದೆ. ಆ ಯುವಕ ಕಟ್ಟುತ್ತಿರುವುದೂ ಒಂದು ದಂಡೇ. ಮೇಜಿನ ಮೇಲೆ ಎರಡು ಸೈನ್ಯಗಳನ್ನು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು ಆಡುವ ಯುದ್ಧದಾಟ ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಆಟದ ಸೈನಿಕರನ್ನು ಬಳಸಿ ಆಡುವ ಇಂಥ ಆಟದ ನಿಯಮಗಳನ್ನು 1913ರಲ್ಲಿಯೇ ಪುಸ್ತಕವಾಗಿ ಪ್ರಕಟಿಸಿದ್ದನು. 1983ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ವಾರ್‌ಹ್ಯಾಮರ್ ಎಂಬ ಆಟದಲ್ಲಿ ರಕ್ಕಸರು, ಕುಬ್ಜರು, ರೆಕ್ಕೆಯುಳ್ಳ ಘಟಸರ್ಪಗಳು ಮೊದಲಾದ ಕಲ್ಪಿತ ಜೀವಿಗಳೇ ಸೈನಿಕರು. ಗೊಂಬೆಯ ಎತ್ತರ ಸುಮಾರು 28ರಿಂದ 32 ಮಿಲಿಮೀಟರ್. ಬಣ್ಣವಿಲ್ಲದ ಬಿಡಿಭಾಗಗಳಾಗಿ ಬರುವ ಇವುಗಳನ್ನು ಜೋಡಿಸಿ, ಬೇಕಾದಂತೆ ಮಾರ್ಪಡಿಸಿ, ಬಣ್ಣ ಹಚ್ಚುವುದರಲ್ಲಿಯೇ ಅನೇಕರಿಗೆ ಆಟಕ್ಕಿಂತ ಮಿಗಿಲಾದ ಆನಂದ.

ಇದು ನಮ್ಮ ನಾಡಿಗೆ ತೀರ ಹೊಸದೆಂದೂ ಹೇಳಲಾಗದು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಜಂಬೂಸವಾರಿಯ ಆನೆ, ಕುದುರೆ, ಕಾಲಾಳುಗಳ ಸಾಲನ್ನು ನಾವೆಲ್ಲರೂ ಕಂಡಿದ್ದೇವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬಿಡಿಬಿಡಿಯಾಗಿ ಕೆತ್ತಿದ ಅಂಗಾಂಗಗಳನ್ನು ಜೋಡಿಸಿ, ಹುಣಸೆಬೀಜದ ಸರಿಯಿಂದ ಸಂದು ತುಂಬಿ, ಮೇಲೆ ಬಣ್ಣ ಕೊಡುತ್ತಾರೆ. ಈ ಯುವಕ ಹುಣಸೆಬೀಜದ ಬದಲು ಎಂ-ಸೀಲ್ ಬಗೆಯ ಎರಡು ಮುದ್ದೆಗಳನ್ನು ಕಲಸಿ ಹೊಸ ತೋಳನ್ನು ರೂಪಿಸುತ್ತಾನೆ. ಕರಟದ ಚೂರು ಅವನ ಕೈಯಲ್ಲಿ ಬಂಡೆಯಾಗುತ್ತದೆ, ತೆಂಗಿನ ನಾರಿನ ಪುಡಿ ನೆಲವಾಗುತ್ತದೆ, ಪೊರಕೆಕಡ್ಡಿ ಈಟಿಯಾಗುತ್ತದೆ. ಮೊದಲು ಒಂದು ತೆಳು ಲೇಪ. ಅದರ ಮೇಲೆ ಮೂಲ ಬಣ್ಣ. ಬಳಿಕ ತಗ್ಗುಗಳಲ್ಲಿ ನಿಲ್ಲುವಂತೆ ನೀರಾದ ಕಡು ಬಣ್ಣ. ಕೊನೆಗೆ ಉಬ್ಬುಗಳಿಗೆ ತಿಳಿ ಬಣ್ಣ. ಹೀಗೆ ಒಂದೊಂದು ಗೊಂಬೆಗೆ ಹಲವು ಗಂಟೆಗಳ ತಾಳ್ಮೆ ಬೇಕಾಗುತ್ತದೆ.

ಮನಸ್ಸಿಗೆ ಆಗುವ ಉಪಕಾರ

ಇದನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ದಿನವಿಡೀ ಕಂಪ್ಯೂಟರ್ ಪರದೆಯ ಮುಂದೆ ದುಡಿದ ಮನಸ್ಸು ಸಂಜೆಗೆ ಮತ್ತೊಂದು ಪರದೆಯನ್ನೇ ಹುಡುಕುವ ಕಾಲವಿದು. ಅಂಥಲ್ಲಿ ಕೈ, ಕಣ್ಣು, ಉಸಿರು ಮೂರೂ ಒಂದೇ ಬಿಂದುವಿನಲ್ಲಿ ನೆಲೆಸುವ ಕೆಲಸ ಮನಸ್ಸಿಗೆ ವಿಶ್ರಾಂತಿಯನ್ನು ನೀಡುತ್ತದೆ. ಕೈಕೆಲಸದ ಈ ಗುಣವನ್ನು ವೈದ್ಯಶಾಸ್ತ್ರವೂ ಬಲ್ಲದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಬುಟ್ಟಿ ಹೆಣೆಯುವುದು, ನೇಯುವುದು ಮೊದಲಾದ ಕೆಲಸಗಳನ್ನು ಚಿಕಿತ್ಸೆಯ ಭಾಗವಾಗಿ ಕಲಿಸಲಾಗುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿಯೂ ಕರಕುಶಲ ಕೆಲಸಗಳಿಗೆ ಸ್ಥಾನವಿದೆ. ಆದರೆ ಹವ್ಯಾಸವೇ ಔಷಧವಲ್ಲ. ಖಿನ್ನತೆ, ನಿದ್ರಾಹೀನತೆಗಳಿಂದ ಬಳಲುವವರು ವೈದ್ಯರನ್ನು ಕಾಣಲೇಬೇಕು.

ಹವ್ಯಾಸವನ್ನು ಕಾಯಕವೆಂದು ಕರೆಯುವುದೂ ಸಲ್ಲದು. ಶರಣರ ಕಾಯಕಕ್ಕೆ ದಾಸೋಹದ ಗುರಿಯಿದೆ. ಆದರೂ ಕಾಯಕಕ್ಕೆ ಬೇಕಾದ ಶ್ರದ್ಧೆ ಮತ್ತು ಶುಚಿತ್ವ ಹವ್ಯಾಸಕ್ಕೂ ಬೇಕು. ಆ ಶುಚಿತ್ವದ ಮಾತನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕಾಗಿದೆ.

ಕುಂಚವು ತುಟಿಗೆ ತಾಗದಿರಲಿ

ಸಣ್ಣ ಗೊಂಬೆಯ ಕಣ್ಣು ಬರೆಯಲು ಕುಂಚದ ತುದಿ ಸೂಜಿಯಂತಿರಬೇಕು. ಅದಕ್ಕಾಗಿ ಕುಂಚವನ್ನು ತುಟಿಗಳ ನಡುವೆ ಇಟ್ಟು ಚೂಪುಮಾಡುವ ಅಭ್ಯಾಸ ಅನೇಕರಲ್ಲಿದೆ. ಈ ಅಭ್ಯಾಸ ಎಂಥ ದುರಂತಕ್ಕೆ ಎಡೆಮಾಡಿತೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯೊಂದರಲ್ಲಿ 1917ರಿಂದ ತರುಣಿಯರು ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಹಚ್ಚುತ್ತಿದ್ದರು. ಕುಂಚವನ್ನು ತುಟಿಯಲ್ಲಿಯೇ ಚೂಪುಮಾಡಬೇಕೆಂದು ಅವರಿಗೆ ಕಲಿಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಹಲವರ ಹಲ್ಲುಗಳು ಉದುರಿದವು, ದವಡೆಯ ಮೂಳೆಗಳು ಕೊಳೆತವು; ಅನೇಕರು ಅಕಾಲ ಮರಣಕ್ಕೀಡಾದರು. ಸಾವಿನ ಅಂಚಿನಲ್ಲಿದ್ದ ಐವರು ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಇತ್ಯರ್ಥವಾಯಿತು.

ಇಂದಿನ ಬಣ್ಣಗಳಲ್ಲಿ ರೇಡಿಯಂ ಇಲ್ಲ. ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣಗಳು ಬಹುಮಟ್ಟಿಗೆ ನಿರಪಾಯಕರ. ಆದರೂ ಕಲಾವಿದರ ಕೆಲವು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳಿರುತ್ತವೆ. ಕುಂಚವನ್ನು ಒದ್ದೆ ಬಟ್ಟೆಯ ಮೇಲೆ ಹೊರಳಿಸಿದರೆ ತುದಿ ತಾನಾಗಿ ಚೂಪಾಗುತ್ತದೆ. ಕುಂಚ ತೊಳೆಯುವ ನೀರನ್ನು ಕಾಫಿ ಲೋಟದ ಪಕ್ಕದಲ್ಲಿ ಇಡಬಾರದು. ಇಷ್ಟಲಿಂಗ ಪೂಜೆಗೂ ಪ್ರಸಾದ ಸ್ವೀಕಾರಕ್ಕೂ ಮುನ್ನ ಕೈ ತೊಳೆಯುವಂತೆ, ಬಣ್ಣದ ಕೆಲಸ ಮುಗಿದ ಕೂಡಲೇ ಉಗುರುಸಂದಿಯವರೆಗೂ ಸಾಬೂನಿನಿಂದ ತೊಳೆಯತಕ್ಕದ್ದು.

ಹಳೆಯ ಬಣ್ಣದೊಳಗಿನ ಸೀಸ

ಈಗ ಮೊಮ್ಮಗಳ ವಿಷಯಕ್ಕೆ ಬರೋಣ. ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ, ಅದರಲ್ಲಿಯೂ ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಸೀಸವನ್ನು ಧಾರಾಳವಾಗಿ ಬಳಸಲಾಗುತ್ತಿತ್ತು. ಗೊಂಬೆ ಪೆಟ್ಟಿಗೆಯಲ್ಲಿ ಇರುವವರೆಗೆ ಅಪಾಯ ಕಡಿಮೆ. ಒಣ ಬಣ್ಣವನ್ನು ಉಜ್ಜಿದಾಗ ಏಳುವ ಕಣ್ಣಿಗೆ ಕಾಣದ ಧೂಳು ನೆಲಕ್ಕೆ, ಕೈಗೆ, ಅಲ್ಲಿಂದ ಬಾಯಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೊಟ್ಟೆಗೆ ಸೇರಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ವಯಸ್ಕರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ದೇಹವು ಅದನ್ನು ಸುಣ್ಣದಂಶವೆಂದು ಭ್ರಮಿಸಿ ಮೂಳೆ, ಹಲ್ಲುಗಳಲ್ಲಿ ಶೇಖರಿಸುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗದಂಥದು. ಕಬ್ಬಿಣ ಮತ್ತು ಸುಣ್ಣದಂಶದ ಕೊರತೆಯಿರುವ ಮಕ್ಕಳಲ್ಲಿ ಹೀರಿಕೆ ಇನ್ನೂ ಹೆಚ್ಚು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶದಲ್ಲಿ ಅರಿವು ಮೂಡಿಸಲು ದಶಕಗಳ ಕಾಲ ಶ್ರಮಿಸಿದ್ದಾರೆ. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಗೊಂಬೆಗಳ ಬಣ್ಣವನ್ನು ಸಂಶಯದಿಂದಲೇ ಕಾಣಬೇಕು. ಯಂತ್ರಗಳಿಗೆ ಬಳಿಯುವ ಕೈಗಾರಿಕಾ ಬಣ್ಣಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ; ಆದುದರಿಂದ ಟ್ರಾಕ್ಟರಿಗೆ ಹಚ್ಚಿ ಉಳಿದ ಬಣ್ಣವನ್ನು ಗೊಂಬೆಗೆ ಹಚ್ಚಲಾಗದು. ಸಿಂಧೂರವನ್ನೂ ಬಣ್ಣವಾಗಿ ಬಳಸುವುದು ಬೇಡ. ಕೆಲವು ಸಿಂಧೂರಗಳಲ್ಲಿ ಸೀಸ ಕಂಡುಬಂದಿದೆ. ಹಳೆಯ ಲೋಹದ ಸೈನಿಕ ಗೊಂಬೆಗಳು ಬಹುಪಾಲು ಸೀಸದ ಮಿಶ್ರಣದವು. ಅವು ಮಕ್ಕಳ ಕೈಗೆ ಸಿಗಬಾರದು.

ಹಾಗಾದರೆ ಹಳೆಯ ಗೊಂಬೆಗಳನ್ನು ಏನು ಮಾಡಬೇಕು? ಉಜ್ಜದೆ, ಕೆರೆಯದೆ, ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿ, ಹಳೆಯ ಬಣ್ಣದ ಮೇಲೆಯೇ ಹೊಸ ಲೇಪವನ್ನು ಹಿರಿಯರು ಕೊಡಬಹುದು. ಬಣ್ಣ ಈಗಾಗಲೇ ಚಕ್ಕೆ ಏಳುತ್ತಿದ್ದರೆ ಆ ಗೊಂಬೆಯನ್ನು ಮುಚ್ಚಿದ ಗಾಜಿನೊಳಗೆ ಇಡುವುದು ಲೇಸು. ಧೂಳು ಬಿದ್ದ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗರ್ಭಿಣಿಯರೂ ಮಕ್ಕಳೂ ಅಲ್ಲಿಂದ ದೂರವಿರಬೇಕು. ಮಗುವಿಗೆ ಹೊಟ್ಟೆನೋವು, ಮಲಬದ್ಧತೆ, ಬಿಳಿಚುವಿಕೆ, ಕಲಿಕೆಯಲ್ಲಿ ಹಿಂದುಳಿಯುವಿಕೆ ಕಂಡುಬಂದರೆ ವೈದ್ಯರಿಗೆ ತಿಳಿಸಬೇಕು. ಆದರೆ ಅನೇಕ ವೇಳೆ ಯಾವ ಲಕ್ಷಣವೂ ತೋರುವುದಿಲ್ಲ. ರಕ್ತಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಕತ್ತರಿಸುವಾಗ, ಅಂಟಿಸುವಾಗ

ಗೊಂಬೆಯನ್ನು ಮಾರ್ಪಡಿಸುವಾಗ ಚಾಕುವಿನ ಅಲಗು ಸದಾ ಮೈಯಿಂದ ಹೊರಮುಖವಾಗಿರಲಿ. ಕರಟವನ್ನಾಗಲಿ ರಾಳದ ಗೊಂಬೆಯನ್ನಾಗಲಿ ಉಜ್ಜುವಾಗ ನೀರಿನಲ್ಲಿ ನೆನೆಸಿ ಉಜ್ಜಿದರೆ ಧೂಳು ಏಳುವುದಿಲ್ಲ, ಮುಖಗವಸನ್ನೂ ಧರಿಸಬೇಕು. ಎಂ-ಸೀಲ್‌ನಂಥ ಮುದ್ದೆ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಒಳ್ಳೆಯದು. ಫೆವಿಕ್ವಿಕ್‌ನಿಂದ ಬೆರಳುಗಳು ಅಂಟಿಕೊಂಡರೆ ಎಳೆಯದೆ, ಬೆಚ್ಚನೆಯ ಸಾಬೂನು ನೀರಿನಲ್ಲಿ ಅದ್ದಿ ನಿಧಾನವಾಗಿ ಬಿಡಿಸಬೇಕು. ಅದು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗಬಲ್ಲದು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ ವೈದ್ಯರ ಬಳಿಗೆ ಧಾವಿಸಬೇಕು.

ಸಿಂಪಡಿಸುವ ಬಣ್ಣವನ್ನು ಬಯಲಿನಲ್ಲಿ, ಒಲೆಯಿಂದಲೂ ಕೊಬ್ಬರಿ ಅಟ್ಟದಿಂದಲೂ ದೂರದಲ್ಲಿ ಬಳಸತಕ್ಕದ್ದು. ಥಿನ್ನರ್, ಟರ್ಪೆಂಟೈನ್‌ಗಳನ್ನು ನೀರಿನ ಬಾಟಲಿಯಲ್ಲಿ ತುಂಬಿಡುವುದು ಮಹಾಪ್ರಮಾದ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲೇಬಾರದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾದೀತು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಬಣ್ಣವನ್ನು ಬಾವಿಯ ಬಳಿಯಾಗಲಿ ತೆಂಗಿನ ಪಾತಿಗಾಗಲಿ ಸುರಿಯುವುದು ಸಲ್ಲದು.

ಕಣ್ಣು, ಕತ್ತು, ನಿದ್ರೆ

ಹತ್ತಿರದ ವಸ್ತುವನ್ನೇ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ ತಲೆಯೆತ್ತಿ 20 ಅಡಿ ದೂರದ ತೆಂಗಿನ ಮರವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೆ ಆರಾಮ. ಗೊಂಬೆಯನ್ನು ಒಂದು ಸಣ್ಣ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ, ಮೊಣಕೈಗಳನ್ನು ಮೇಜಿಗೆ ಊರಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಕತ್ತು ಬಗ್ಗಿಸಬೇಕಾಗಿಲ್ಲ, ಬೆರಳುಗಳೂ ಸೆಡೆಯುವುದಿಲ್ಲ. ನಲವತ್ತು ದಾಟಿದವರು ಕನ್ನಡಕವನ್ನು ಪರೀಕ್ಷಿಸಿಕೊಳ್ಳಲಿ. ರಾತ್ರಿ ಹತ್ತಕ್ಕೆ ಕುಂಚ ತೊಳೆದಿಡುವ ನಿಯಮವಿದ್ದರೆ ಮರುದಿನದ ಉದ್ಯೋಗಕ್ಕೂ ಕ್ಷೇಮ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ. ಮಗನ ದಂಡು ಮೇಜಿನ ಮೇಲೆ ಇರಲಿ, ದೀಪ ಮಾತ್ರ ಬೇಗ ಆರಲಿ. ಮರಳು ಕಾಗದವನ್ನು ಇಂದೇ ಮಗುವಿನ ಕೈಯಿಂದ ತೆಗೆದಿಡಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣವನ್ನು ಪರೀಕ್ಷಿಸಲು ವೈದ್ಯರನ್ನು ಕೇಳಿ. ಅವಳಿಗೂ ಬಣ್ಣದ ಆಸೆಯಿದ್ದರೆ ಕರಟದ ಮೇಲೆ ಅರಿಶಿನ, ಕೆಮ್ಮಣ್ಣು, ದೀಪದ ಕಾಡಿಗೆಗಳನ್ನು ಕಲಸಿ ಬರೆಯಲು ಚಿಕ್ಕಪ್ಪನೇ ಕಲಿಸಲಿ. ದಸರಾ ಗೊಂಬೆಗಳಿರುವ ಮನೆಯ ಭಕ್ತಾದಿಗಳೆಲ್ಲರೂ ಮುಂದಿನ ನವರಾತ್ರಿಗೆ ಪೆಟ್ಟಿಗೆ ತೆರೆಯುವಾಗ ಈ ಮಾತನ್ನು ನೆನಪಿಡಬೇಕೆಂದು ಕೋರುತ್ತೇವೆ. ಶರಣು ಶರಣಾರ್ಥಿ.