ವಾಡಿ ಜಂಕ್ಷನ್ನಿನಂತೆ ಮನೆಯ ರೂಟರ್

ಸಿಇಟಿ ರ‍್ಯಾಂಕ್ ಬಂದಿದೆ. ಕಾಲೇಜುಗಳ ಆಯ್ಕೆಯನ್ನು ದಾಖಲಿಸಲು ಎರಡೇ ದಿನ ಉಳಿದಿವೆ. ಸೇಡಂನದ್ದೋ ಚಿತ್ತಾಪುರದ್ದೋ ಒಂದು ಮನೆ ಎಂದಿಟ್ಟುಕೊಳ್ಳಿ. ಇದುವರೆಗೆ ಇಂಟರ್‌ನೆಟ್ ತಂತಿ ಮೋಡೆಮ್‌ನಿಂದ ನೇರವಾಗಿ ಕಂಪ್ಯೂಟರಿಗೆ ಸೇರಿತ್ತು. ಅಕ್ಕ ಕಂಪ್ಯೂಟರಿನ ಮುಂದೆ ಕುಳಿತರೆ ತಮ್ಮನ ಪಾಠಕ್ಕೆ ಇಂಟರ್‌ನೆಟ್ ಇಲ್ಲ. ದಿನವೂ ಜಗಳ ಬೇಡವೆಂದು ಅಪ್ಪ ಕಲಬುರಗಿಗೆ ಹೋಗಿ ರೂಟರ್ ತಂದರು. ತಂತಿ ಸಿಕ್ಕಿಸಿದ್ದಾಯಿತು, ದೀಪಗಳೂ ಹೊತ್ತಿಕೊಂಡವು. ಆದರೆ ಒಂದು ಪುಟವೂ ತೆರೆಯಲಿಲ್ಲ. ‘ಕೆಟ್ಟ ಮಾಲು ಕೊಟ್ಟು ಕಳಿಸಿದ್ದಾನೆ’ ಎಂದು ಅಂಗಡಿಯವನಿಗೆ ಬೈಗುಳ ಶುರುವಾಯಿತು.

ಹೆಚ್ಚಿನ ವೇಳೆ ರೂಟರ್ ಕೆಟ್ಟಿರುವುದಿಲ್ಲ. ಅದಕ್ಕೆ ತನ್ನ ಕೆಲಸವೇನೆಂದು ಯಾರೂ ತಿಳಿಸಿರುವುದಿಲ್ಲ, ಅಷ್ಟೇ.

ರೂಟರ್ ಮಾಡುವುದೇನು?

ಮುಂಬೈ–ಚೆನ್ನೈ ಮಾರ್ಗದಲ್ಲಿ ಶಹಾಬಾದ್ ದಾಟಿದ ರೈಲು ವಾಡಿಗೆ ಬರುತ್ತದೆ. ಅಲ್ಲಿಂದ ಒಂದು ದಾರಿ ರಾಯಚೂರಿನ ಕಡೆಗೆ. 1874ರಲ್ಲಿ, ನಿಜಾಮರ ಕಾಲದಲ್ಲಿ ಪೂರ್ಣಗೊಂಡ ಇನ್ನೊಂದು ದಾರಿ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ. ಯಾವ ಗಾಡಿ ಯಾವ ಹಳಿಗೆ ಎಂಬುದನ್ನು ಜಂಕ್ಷನ್ ತೀರ್ಮಾನಿಸುತ್ತದೆ. ಮನೆಯಲ್ಲಿ ಈ ಕೆಲಸ ರೂಟರಿನದು. ಹೊರಗಿನಿಂದ ಬಂದ ಮಾಹಿತಿಯಲ್ಲಿ ಅಕ್ಕನ ಕಂಪ್ಯೂಟರಿಗೆ ಯಾವುದು, ತಮ್ಮನ ಮೊಬೈಲಿಗೆ ಯಾವುದು ಎಂದು ಅದು ವಿಂಗಡಿಸುತ್ತದೆ.

ಇಂಟರ್‌ನೆಟ್ಟಿನ ಹಳೆಯ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಗತ್ತಿನ ಎಲ್ಲ ಉಪಕರಣಗಳಿಗೂ ಅವು ಸಾಲವು. ಆದ್ದರಿಂದ ಮನೆ, ಕಚೇರಿಗಳ ಒಳಗಿನ ಬಳಕೆಗೆಂದು ಕೆಲವು ವಿಳಾಸಗಳನ್ನು ಮೀಸಲಿಡಲಾಯಿತು. 1996ರ ನಿಯಮದಂತೆ 192.168ರಿಂದ ಆರಂಭವಾಗುವ ವಿಳಾಸಗಳು ಇಂಥವೇ. ಹೊರಜಗತ್ತಿಗೆ ಮನೆಯದು ಒಂದೇ ವಿಳಾಸ. ಒಳಗೆ ಪ್ರತಿ ಉಪಕರಣಕ್ಕೂ ಬೇರೆ ಬೇರೆ.

ತೊಡಕು ಎಲ್ಲಿದೆ?

ಮೊದಲು ತಂತಿಯನ್ನು ರೂಟರಿನಿಂದ ತೆಗೆದು ಹಿಂದಿನಂತೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕು. ಆಗಲೂ ಬಾರದಿದ್ದರೆ ದೋಷ ಹೊರಗಿನ ಲೈನಿನದು. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಮನೆ ತಲುಪುತ್ತಿಲ್ಲ ಎಂದರ್ಥ. ಅದನ್ನು ಸಂಪರ್ಕ ಕೊಟ್ಟವರೇ ಸರಿಪಡಿಸಬೇಕು. ನೇರ ತಂತಿಯಲ್ಲಿ ಬಂದು ರೂಟರಿನಲ್ಲಿ ಬಾರದಿದ್ದರೆ ಮುಂದಿನವನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಮೋಡೆಮ್‌ನಿಂದ ಬಂದ ತಂತಿ ರೂಟರಿನ ‘ವ್ಯಾನ್’ ಅಥವಾ ‘ಇಂಟರ್‌ನೆಟ್’ ಎಂದು ಬರೆದ ಕಿಂಡಿಯಲ್ಲೇ ಇರಬೇಕು. ಉಳಿದ ಕಿಂಡಿಗಳು ಮನೆಯೊಳಗಿನ ಉಪಕರಣಗಳಿಗೆ.

ಹಿಂದೆ ಕಂಪ್ಯೂಟರಿನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುತ್ತಿದ್ದರೆ ಅವನ್ನು ಈಗ ರೂಟರಿನಲ್ಲಿ ‘ಪಿಪಿಪಿಒಇ’ ಎಂಬಲ್ಲಿ ತುಂಬಬೇಕು. ಎಷ್ಟೋ ಮನೆಗಳಲ್ಲಿ ಮರೆಯುವುದು ಇದನ್ನೇ. ರೂಟರಿನ ಪುಟ ತೆರೆಯುವ ವಿಳಾಸ ಅದರ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ.

ಕೆಲವು ಕೇಬಲ್ ಸಂಪರ್ಕಗಳು ಮೊದಲು ಸೇರಿದ ಕಂಪ್ಯೂಟರಿನ ‘ಮ್ಯಾಕ್’ ಗುರುತನ್ನು ನೆನಪಿಟ್ಟುಕೊಂಡು ಹೊಸಬರನ್ನು ಒಳಗೆ ಬಿಡುವುದಿಲ್ಲ. ಮೋಡೆಮ್ಮನ್ನು ಕೆಲ ನಿಮಿಷ ಆರಿಸಿ ಮತ್ತೆ ಹಚ್ಚಬೇಕು. ಆಗಲೂ ಬಗ್ಗದಿದ್ದರೆ ಕಂಪ್ಯೂಟರಿನ ಗುರುತನ್ನೇ ರೂಟರಿಗೆ ನಕಲಿಸಬೇಕು, ಇಲ್ಲವೇ ಸಂಪರ್ಕದವರಿಗೆ ಹೇಳಿ ಹೊಸ ಗುರುತು ನೋಂದಾಯಿಸಬೇಕು.

ಮೋಡೆಮ್ ಮತ್ತು ರೂಟರ್ ಎರಡೂ 192.168.1.1 ಎಂಬ ಒಂದೇ ವಿಳಾಸ ಹಿಡಿದಿದ್ದರೆ ಗೊಂದಲ ಖಂಡಿತ. ಒಂದೇ ಓಣಿಯ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯವನ ಪಾಡು ಏನಾದೀತು? ರೂಟರಿನ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಸಾಕು.

ಕಂಪ್ಯೂಟರ್ ತನ್ನ ವಿಳಾಸ 169.254ರಿಂದ ಆರಂಭವಾಗುತ್ತದೆಂದು ತೋರಿಸಿದರೆ ಅದಕ್ಕೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ ಎಂದು ತಿಳಿಯಬೇಕು. ಹಿಂದೆ ಯಾರಾದರೂ ಕೈಯಾರೆ ತುಂಬಿಸಿದ ಹಳೆಯ ವಿಳಾಸವಿದ್ದರೆ ಅದನ್ನೂ ಅಳಿಸಿ, ‘ತಾನಾಗಿ ಪಡೆ’ ಎಂಬ ಆಯ್ಕೆಗೆ ಮರಳಬೇಕು.

ಹಳಿ ಇಲ್ಲದ ಊರಿಗೆ

ಚಿಂಚೋಳಿಗೆ ರೈಲಿಲ್ಲ, ಅಲ್ಲಿಗೆ ಬಸ್ಸೇ ಗತಿ. ತಂತಿಯಿಲ್ಲದ ಮೊಬೈಲಿಗೆ ವೈ-ಫೈ ಅಂಥ ಬಸ್ಸು. ರೂಟರಿಗೆ ತಂತಿಯಿಂದ ಸೇರಿದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಬಂದು, ಒಳಕೋಣೆಯ ಮೊಬೈಲಿನಲ್ಲಿ ಬಾರದಿದ್ದರೆ ಲೈನನ್ನು ದೂರಿ ಫಲವಿಲ್ಲ. ಶಹಾಬಾದಿ ಕಲ್ಲಿನ ದಪ್ಪ ಗೋಡೆಗಳು ಬೇಸಿಗೆಯ ಬಿಸಿಲನ್ನು ತಡೆದಂತೆ ರೇಡಿಯೋ ಅಲೆಗಳನ್ನೂ ತಡೆಯುತ್ತವೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಒಳಕೋಣೆಗೆ 2.4 ಗಿಗಾಹರ್ಟ್ಸ್ ವಾಸಿ. ರೂಟರನ್ನು ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿಡಬೇಕು. ಕಬ್ಬಿಣದ ಬೀರುವಿನ ಹಿಂದೆ ಬೇಡ.

ಎಲ್ಲ ಸರಿಯಾದ ಮೇಲೆ ರೂಟರಿನ ಜತೆ ಬಂದ ಪಾಸ್‌ವರ್ಡನ್ನು ಬದಲಿಸಿ, ಹೊಸದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ನೋಡುವುದು ಪ್ರಯೋಗಾಲಯದಲ್ಲಿ ಅವರು ಕಲಿಯುವ ಪಾಠವೇ ಅಲ್ಲವೆ?

ಇನ್ನು ಆ ಅಕ್ಕನ ಮಾತು. ರೂಟರ್ ಸರಿಯಾಗುವವರೆಗೆ ಅವಳು ಕಾಯಬೇಕಿಲ್ಲ. ತಂತಿಯನ್ನು ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ ಮೊದಲು ಕಾಲೇಜುಗಳ ಆಯ್ಕೆ ಮುಗಿಸಲಿ. ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ; ರೂಟರ್ ನಾಳೆಯವರೆಗೆ ಕಾದೀತು.