ಇರುಳ ಮೇಳದ ಫೋಟೋದವರು

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿಕೊಟ್ಟ ಹಾಡುಗಳಲ್ಲಿ ಎಷ್ಟೋ ಹಾಡುಗಳು ಕತ್ತಲೆಯ ಹೊತ್ತಿನವು. 1931ರಲ್ಲಿ ಅಚ್ಚಾದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳು ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ಬಂದವು. 1933ರ ‘ಜೀವನ ಸಂಗೀತ’ದ ಲಾವಣಿಗಳು ಊರು ಉಂಡು ಬಂದು ಕುಳಿತ ಮೇಲೆ ಶುರುವಾಗಿ ಬೆಳತನಕ ನಡೆಯುವ ಮೇಳಗಳ ಸೊತ್ತು. ಆ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೆಲ್ಲ ತಮ್ಮ ಇಂಡಿ ಸೀಮೆಯ ಇರುಳನ್ನು ಕಾಗದಕ್ಕೆ ಇಳಿಸಿದ್ದರಿಂದ ಮಾತು ಉಳಿಯಿತು. ಲಾವಣಿಕಾರ ಖಾಜಾಭಾಯಿಯ ಹಾಡು ಇಂದಿಗೂ ನಮ್ಮ ಕೈಗೆ ಸಿಗುತ್ತದೆ. ಆದರೆ ಆ ಲಾವಣಿ ಕಟ್ಟಿ ಹಾಡುವಾಗ ಡಪ್ಪು ಹಿಡಿದವನ ಮೋರೆ ಹೇಗಿತ್ತು, ಎದುರಿನ ಮೇಳದವರು ಏನು ಮುಖ ಮಾಡಿಕೊಂಡು ಕೇಳುತ್ತಿದ್ದರು, ಕಂಬಳಿ ಹೊದ್ದು ಕುಳಿತ ಮುದುಕರ ಪಕ್ಕ ಯಾವ ಮಕ್ಕಳು ನಿದ್ದೆಗೆ ಜಾರಿದ್ದರು ಎಂಬುದನ್ನು ಪುಸ್ತಕ ಹೇಳಲಾರದು. ಅದು ಕಣ್ಣಿನ ಕೆಲಸ. ಆ ಕೆಲಸವನ್ನು ಇಂದು ಕಸುಬಾಗಿ ಮಾಡುತ್ತಿರುವವರು ರಾತ್ರಿ ಕೂಟಗಳ ಫೋಟೋದವರು. ಬೆಂಗಳೂರಿನ ನೈಟ್‌ಕ್ಲಬ್ಬಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಹುಡುಗ, ಸಿಂದಗಿ ಮುದ್ದೇಬಿಹಾಳದ ಕಡೆ ಜಾತ್ರೆಯ ರಸಮಂಜರಿಗೆ ಸ್ಟುಡಿಯೋದಿಂದ ಬರುವ ಹುಡುಗ, ಇಬ್ಬರೂ ಒಂದೇ ಕಸುಬಿನವರು; ಇಬ್ಬರೂ ತಿಳಿದೋ ತಿಳಿಯದೆಯೋ ನಮ್ಮ ಕಾಲದ ದಾಖಲೆ ಬರೆಯುತ್ತಿದ್ದಾರೆ ಎಂಬುದು ಈ ಲೇಖನದ ವಾದ.

ಹಲಸಂಗಿಯ ಕಾಲದಲ್ಲಿ ಈ ಕೆಲಸ ಏಕೆ ಸಾಧ್ಯವಿರಲಿಲ್ಲ ಎಂಬುದಕ್ಕೆ ನೇರವಾದ ಕಾರಣವಿದೆ. ಆಗಿನ ಫಿಲ್ಮು, ಗಾಜಿನ ಫಲಕಗಳು ಬೆಳಕಿಗೆ ಬಹಳ ನಿಧಾನ ಸ್ಪಂದಿಸುತ್ತಿದ್ದವು. ಕತ್ತಲೆಯಲ್ಲಿ ಚಿತ್ರ ಬೇಕೆಂದರೆ ಮೆಗ್ನೀಸಿಯಂ ಪುಡಿಯನ್ನು ತಗಡಿನ ಮೇಲೆ ಸುರಿದು ಹೊತ್ತಿಸಬೇಕಿತ್ತು. ಭಗ್ಗೆಂದು ಉರಿದು ಹೊಗೆ ಎದ್ದರೆ ಮೇಳವೇ ನಿಂತುಹೋಗುತ್ತಿತ್ತು. ಬ್ರಸಾಯ್ ಎಂಬ ಫೋಟೋಗ್ರಾಫರ್ ಪ್ಯಾರಿಸ್ಸಿನ ಇರುಳಿನ ಕುಣಿತದ ಮನೆಗಳ ಚಿತ್ರಗಳನ್ನು 1930ರ ದಶಕದ ಆರಂಭದಲ್ಲಿ ತೆಗೆದದ್ದು ಇಂಥ ಸಾಧನದಲ್ಲೇ. ಆದ್ದರಿಂದಲೇ ಅವನ ಚಿತ್ರಗಳ ಜನ ಬಹುಮಟ್ಟಿಗೆ ಸಿದ್ಧರಾಗಿ ಕುಳಿತ ಜನ. ಒಮ್ಮೆಗೇ ಉರಿದು ಮುಗಿಯುವ ಫ್ಲಾಶ್ ಬಲ್ಬು, ಆಮೇಲೆ ಬ್ಯಾಟರಿಯಿಂದ ಮತ್ತೆ ಮತ್ತೆ ಮಿಂಚುವ ಎಲೆಕ್ಟ್ರಾನಿಕ್ ಫ್ಲಾಶ್ ಬಂದ ಮೇಲೆಯೇ ಕುಣಿಯುವವನನ್ನು ಕುಣಿಯುತ್ತಿರುವಾಗಲೇ ಹಿಡಿಯುವುದು ಆಗಿದ್ದು.

ಕ್ಲಬ್ಬಿನ ಕೆಲಸ ಹೀಗಿರುತ್ತದೆ. ಬೆಂಗಳೂರಿನಲ್ಲಿ ಪಬ್ಬು, ರೆಸ್ಟೋರೆಂಟುಗಳಿಗೆ ವಾರದ ಎಲ್ಲ ದಿನ ರಾತ್ರಿ ಒಂದು ಗಂಟೆಯ ತನಕ ತೆರೆದಿರಲು 2016ರಲ್ಲಿ ಅನುಮತಿ ಸಿಕ್ಕಿತು. ಕೊನೆಯ ಎರಡು ಮೂರು ತಾಸುಗಳಲ್ಲೇ ಫೋಟೋದವನ ದುಡಿಮೆ. ಅವನನ್ನು ಕರೆಸುವವರು ಕ್ಲಬ್ಬಿನ ಮಾಲೀಕರು ಇಲ್ಲವೇ ಆ ರಾತ್ರಿಯ ಕಾರ್ಯಕ್ರಮ ನಡೆಸುವವರು. ಅವರಿಗೆ ಬೇಕಾದದ್ದು ತುಂಬಿದ ನೆಲ, ಎತ್ತಿದ ಕೈಗಳು, ನಗುವ ಮುಖಗಳು, ಹಿಂದೆ ಕಾಣುವ ತಮ್ಮ ಹೆಸರಿನ ಫಲಕ. ಅದೂ ಮರುದಿನ ಮಧ್ಯಾಹ್ನದೊಳಗೆ, ಮುಂದಿನ ಶನಿವಾರದ ಪ್ರಚಾರಕ್ಕೆ. ಈ ಬೇಡಿಕೆಯೊಳಗೇ ಕಸುಬುದಾರ ತನ್ನ ಕಣ್ಣನ್ನು ಉಳಿಸಿಕೊಳ್ಳಬೇಕು.

ಅವನ ಕೈಚಳಕದ ಮೂಲ ಒಂದೇ ಚಿತ್ರದಲ್ಲಿ ಎರಡು ಬೆಳಕುಗಳನ್ನು ಕೂಡಿಸುವುದರಲ್ಲಿದೆ. ಬರೀ ಫ್ಲಾಶ್ ಹೊಡೆದರೆ ಮುಖ ಬೆಳ್ಳಗೆ ಬಂದು ಹಿಂದಿನದೆಲ್ಲ ಕಪ್ಪಾಗುತ್ತದೆ. ಆ ಜಾಗ ಯಾವುದು, ಅಲ್ಲಿ ಎಂಥ ಬೆಳಕಿತ್ತು ಎಂಬುದೇ ಅಳಿಸಿಹೋಗುತ್ತದೆ. ಫ್ಲಾಶ್ ಇಲ್ಲದೆ ತೆಗೆದರೆ ಬಣ್ಣ ಬರುತ್ತದೆ, ಜನ ಮಸುಕಾಗುತ್ತಾರೆ. ಅದಕ್ಕಾಗಿ ಅವನು ಕ್ಯಾಮೆರಾದ ಶಟರನ್ನು ಸೆಕೆಂಡಿನ ಹತ್ತನೆಯ ಅಥವಾ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿಡುತ್ತಾನೆ. ಫ್ಲಾಶ್ ಮಿಂಚುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಆ ಮಿಂಚಿನಲ್ಲಿ ಮುಖ ಗಟ್ಟಿಯಾಗಿ ನಿಲ್ಲುತ್ತದೆ. ಉಳಿದ ಹೊತ್ತಿನಲ್ಲಿ ಸುತ್ತಲ ದೀಪಗಳು ಗೆರೆಗೆರೆಯಾಗಿ ಹರಿಯುತ್ತವೆ. ಮಿಂಚನ್ನು ಶಟರ್ ಮುಚ್ಚುವ ಕೊನೆಯ ಕ್ಷಣಕ್ಕೆ ಇಟ್ಟರೆ ಆ ಗೆರೆಗಳು ಕುಣಿಯುವವನ ಹಿಂದೆ ಉಳಿದು, ಅವನು ಎತ್ತ ಸರಿದ ಎಂಬುದು ನೋಡಿದೊಡನೆ ತಿಳಿಯುತ್ತದೆ. ಇಷ್ಟು ಕತ್ತಲೆಯಲ್ಲಿ ಕ್ಯಾಮೆರಾದ ತಾನೇ ಫೋಕಸ್ ಮಾಡುವ ವ್ಯವಸ್ಥೆ ತಡಕಾಡುತ್ತದೆ. ಅನುಭವಿಗಳು ಅಗಲದ ಲೆನ್ಸ್ ಹಾಕಿ, ದೂರವನ್ನು ಮೊದಲೇ ಗೊತ್ತುಮಾಡಿಕೊಂಡು, ಆ ದೂರಕ್ಕೆ ತಾವೇ ಹೋಗಿ ನಿಲ್ಲುತ್ತಾರೆ. ಲೇಸರ್ ಕಿರಣ ನೇರವಾಗಿ ಲೆನ್ಸಿಗೆ ಬಿದ್ದರೆ ಒಳಗಿನ ಸೆನ್ಸರ್ ಸುಟ್ಟು ಕ್ಯಾಮೆರಾವೇ ಹಾಳಾಗಬಹುದು, ಆ ಎಚ್ಚರವೂ ಬೇಕು. ಮದುವೆ ಮನೆಯಲ್ಲಿ ಫ್ಲಾಶನ್ನು ಬಿಳಿಯ ಛಾವಣಿಗೆ ತಿರುಗಿಸಿ ಬೆಳಕನ್ನು ಮೆದುವಾಗಿ ಕೆಳಗಿಳಿಸುವ ಉಪಾಯ ಇಲ್ಲಿ ನಡೆಯದು, ಏಕೆಂದರೆ ಎಷ್ಟೋ ಕ್ಲಬ್ಬುಗಳ ಛಾವಣಿಗೆ ಕಪ್ಪು ಬಣ್ಣ. ಜಾತ್ರೆಯ ಬಯಲಿನಲ್ಲಿ ಛಾವಣಿಯೇ ಇಲ್ಲ, ಮೇಲೆ ಆಕಾಶ. ಎರಡೂ ಕಡೆ ಬೆಳಕನ್ನು ಹಿಂದಿರುಗಿಸಿ ಕೊಡುವ ಛಾವಣಿ ಇಲ್ಲದ್ದರಿಂದ, ಕ್ಲಬ್ಬಿನಲ್ಲಿ ಪಳಗಿದವನು ಗೀಗೀ ಮೇಳದ ಮುಂದೆ ನಿಂತರೂ ಸೋಲುವುದಿಲ್ಲ.

ಬಾಡಿಗೆಗೆ ತೆಗೆದ ಚಿತ್ರ ದಾಖಲೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಪಶ್ಚಿಮ ಆಫ್ರಿಕದ ಮಾಲಿ ದೇಶದಿಂದ ಉತ್ತರ ಸಿಗುತ್ತದೆ. ಆ ದೇಶ ಸ್ವತಂತ್ರವಾದದ್ದು 1960ರಲ್ಲಿ. ಅದರ ರಾಜಧಾನಿ ಬಮಾಕೊದಲ್ಲಿ ಮಾಲಿಕ್ ಸಿದಿಬೆ ಎಂಬ ಸ್ಟುಡಿಯೋ ಫೋಟೋಗ್ರಾಫರ್ ಶನಿವಾರದ ರಾತ್ರಿಗಳಲ್ಲಿ ಒಂದು ಪಾರ್ಟಿಯಿಂದ ಇನ್ನೊಂದಕ್ಕೆ ಓಡಾಡಿ, ಕುಣಿಯುವ ಯುವಕ ಯುವತಿಯರ ಚಿತ್ರ ತೆಗೆಯುತ್ತಿದ್ದ. ಫಿಲ್ಮು ತೊಳೆದು ಪುಟ್ಟ ಪ್ರತಿಗಳನ್ನು ರಟ್ಟಿನ ಮೇಲೆ ಅಂಟಿಸಿ ಇಟ್ಟರೆ, ಚಿತ್ರದಲ್ಲಿ ಇದ್ದವರೇ ಬಂದು ತಮಗೆ ಬೇಕಾದ್ದನ್ನು ಆರಿಸಿ ಕೊಳ್ಳುತ್ತಿದ್ದರು. ಆ ಚಿತ್ರಗಳಿಗೆ ಅದಕ್ಕಿಂತ ದೊಡ್ಡ ಉದ್ದೇಶವೇನೂ ಇರಲಿಲ್ಲ. 1963ರ ಕ್ರಿಸ್‌ಮಸ್ ರಾತ್ರಿ ಹಣೆಗೆ ಹಣೆ ತಾಗುವಷ್ಟು ಬಾಗಿ ಕುಣಿಯುವ ಇಬ್ಬರ ಚಿತ್ರ ಇಂದು ಆ ದೇಶದ ಸ್ವಾತಂತ್ರ್ಯೋತ್ತರ ಹರೆಯದ ಗುರುತಾಗಿ ಉಳಿದಿದೆ. ಹಾಸೆಲ್‌ಬ್ಲಾಡ್ ಪ್ರಶಸ್ತಿ 2003ರಲ್ಲಿ ಅವನಿಗೆ ಸಂದಿತು. 2007ರಲ್ಲಿ ವೆನಿಸ್ಸಿನ ಕಲಾಮೇಳ ಅವನನ್ನು ಚಿನ್ನದ ಸಿಂಹ ಕೊಟ್ಟು ಗೌರವಿಸಿತು. ಈ ಉದಾಹರಣೆಯಲ್ಲಿ ನನಗೆ ಪ್ರಶಸ್ತಿಗಿಂತ ಮುಖ್ಯವಾಗಿ ಕಾಣುವುದು ರಟ್ಟಿನ ಮೇಲಿನ ಆ ಪುಟ್ಟ ಪ್ರತಿಗಳು. ಚಿತ್ರದ ಗಿರಾಕಿ ಚಿತ್ರದೊಳಗಿನ ಮನುಷ್ಯನೇ ಆಗಿದ್ದರಿಂದ, ಸಿದಿಬೆಯ ಕ್ಯಾಮೆರಾ ಅವರ ಅಂದಚೆಂದ, ಅವರ ಹೆಮ್ಮೆಯ ಕಡೆಗೇ ತಿರುಗಿತು. ಯಾರು ದುಡ್ಡು ಕೊಡುತ್ತಾರೋ ಅವರ ಕಡೆಗೆ ಕ್ಯಾಮೆರಾ ತಿರುಗುತ್ತದೆ. ಈ ಕಸುಬನ್ನು ಅರ್ಥಮಾಡಿಕೊಳ್ಳಲು ಇದು ಬೀಗದ ಕೈ.

ಆ ಬೀಗದ ಕೈಯಿಂದಲೇ ವಿಜಯಪುರ ಜಿಲ್ಲೆಯ ಇರುಳನ್ನೂ ತೆರೆದು ನೋಡೋಣ. ಚಡಚಣದ ಸಂಗಮೇಶ್ವರ ಜಾತ್ರೆ, ಬಸವನ ಬಾಗೇವಾಡಿಯಲ್ಲಿ ಶ್ರಾವಣದ ಮೂಲ ನಂದೀಶ್ವರ ಜಾತ್ರೆ, ಇವಲ್ಲದೆ ಊರೂರಿನ ಉರುಸು, ಹಬ್ಬಗಳಲ್ಲಿ ನಾಟಕ, ಶ್ರೀಕೃಷ್ಣ ಪಾರಿಜಾತ, ಗೀಗೀ ಮೇಳ, ಈಚಿನ ರಸಮಂಜರಿ, ಡಿ.ಜೆ. ಎಲ್ಲಕ್ಕೂ ರಾತ್ರಿಯೇ ಹೊತ್ತು. ಕಮಿಟಿಯವರು ಫೋಟೋದವರನ್ನು ಕರೆಸುವುದು ಬಹುತೇಕ ವೇದಿಕೆಯ ಸನ್ಮಾನಕ್ಕೆ: ಶಾಲು, ಹಾರ, ದೀಪ ಬೆಳಗುವುದು, ಸಾಲಾಗಿ ಕುಳಿತ ಗಣ್ಯರು. ದುಡ್ಡು ಕೊಡುವವರು ಅವರೇ. ಸನ್ಮಾನ ಮುಗಿದು ಡಪ್ಪು, ತುಂತುಣಿ ಹೊರಬರುವ ಹೊತ್ತಿಗೆ ಕ್ಯಾಮೆರಾ ಚೀಲ ಸೇರಿರುತ್ತದೆ. ಹರದೇಶಿ ಮೇಳದವರು ಪುರುಷನನ್ನು ಹೆಚ್ಚೆಂದು ಹಾಡಿ ಸವಾಲು ಎಸೆದಾಗ, ನಾಗೇಶಿ ಮೇಳದ ಹೆಣ್ಣುಮಗಳು ಶಕ್ತಿಯೇ ಮೇಲೆಂದು ಉತ್ತರ ಕಟ್ಟುವ ಮೊದಲಿನ ಆ ಎರಡು ನಿಮಿಷ ಅವಳ ಮುಖದಲ್ಲಿ ನಡೆಯುವುದನ್ನು ಯಾವ ಲಾವಣಿ ಸಂಕಲನವೂ ಕೊಡಲಾರದು, ಫೋಟೋ ಕೊಡಬಲ್ಲದು. ಅದನ್ನು ತೆಗೆಯುವವರು ಅಪರೂಪ. ಕ್ಲಬ್ಬಿನ ಚಿತ್ರಗಳಲ್ಲೂ ಇಂಥದೇ ಕೊರತೆ ಬೇರೆ ರೂಪದಲ್ಲಿದೆ. ಅಲ್ಲಿ ಕುಣಿಯುವವರು ತುಂಬಿರುತ್ತಾರೆ. ಲೋಟ ತೊಳೆಯುವವರು, ಬಾಗಿಲಲ್ಲಿ ನಿಂತ ಕಾವಲಿನವರು, ಎಲ್ಲರೂ ಹೋದ ಮೇಲೆ ನೆಲ ಒರೆಸುವವರು ಚೌಕಟ್ಟಿನಿಂದ ಹೊರಗೆ. ಕೆಲಸ ಹುಡುಕಿಕೊಂಡು ನಗರ ಸೇರಿದವರ ಇರುಳಿನ ಬದುಕಿಗೆ ಸಾಕ್ಷಿ ಬೇಕಾದರೆ ಅವರ ಮುಖವೂ ಬೇಕು.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಕ್ಲಬ್ಬನ್ನೂ ಗೀಗೀ ಮೇಳವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಪರಂಪರೆಗೆ ಮಾಡಿದ ಅವಮಾನ ಎನ್ನುವವರಿದ್ದಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಮೇಳದಲ್ಲಿ ಹಾಡು ಕಟ್ಟಲು ಪುರಾಣ, ಛಂದಸ್ಸು, ನೆನಪಿನ ಶಕ್ತಿ ಬೇಕು. ಕ್ಲಬ್ಬಿನ ಕುಣಿತಕ್ಕೆ ಅವು ಬೇಕಿಲ್ಲ. ಆದರೆ ನಾನು ಹೋಲಿಸುತ್ತಿರುವುದು ದಾಖಲಿಸುವವನ ಹೊಣೆಯನ್ನು. ಬಯಲಾಟ, ಲಾವಣಿಗಳನ್ನು ಹಳ್ಳಿಗರ ಪೋಲಿ ರಂಜನೆ ಎಂದು ಓದಿದವರು ಮೂಗು ಮುರಿಯುತ್ತಿದ್ದ ಕಾಲದಲ್ಲೇ ಹಲಸಂಗಿಯ ಗೆಳೆಯರು ಅವುಗಳ ಹತ್ತಿರ ಹೋಗಿ ಕುಳಿತರು. ಯಾವುದು ಉಳಿಯಲು ಯೋಗ್ಯ ಎಂಬ ತೀರ್ಪನ್ನು ಕೂಟ ನಡೆಯುವಾಗಲೇ ಕೊಡಬಾರದು ಎಂಬುದಕ್ಕೆ ಅವರ ಕೆಲಸವೇ ಪ್ರಮಾಣ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಕಸುಬುದಾರ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಮೊಬೈಲ್ ಕತ್ತಲೆಯಲ್ಲಿ ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ತಾನೇ ಕೂಡಿಸಿ, ನೆರಳನ್ನು ಬೆಳಗಿಸಿ, ಮುಖವನ್ನು ನಯಗೊಳಿಸಿ ಕೊಡುತ್ತದೆ. ನಿಂತವನಿಗೆ ಅದು ಸಾಕು. ಓಡುವ ಕೈಗೆ, ತಿರುಗುವ ತಲೆಗೆ ಸಾಲದು. ಅದಕ್ಕಿಂತ ಮುಖ್ಯವಾಗಿ ಮೊಬೈಲ್ ಹಿಡಿದವನು ತನ್ನನ್ನು, ತನ್ನ ಗೆಳೆಯರನ್ನು ಹಿಡಿಯುತ್ತಾನೆ. ಇಡೀ ಕೂಟವನ್ನು ನೋಡುವ ಕೆಲಸ ಯಾರದೂ ಆಗುವುದಿಲ್ಲ. ಫೋನು ಬದಲಾದಾಗ, ಕಳೆದಾಗ ಆ ಚಿತ್ರಗಳೂ ಹೋಗುತ್ತವೆ. ವಿಡಿಯೋ ಇದೆಯಲ್ಲ ಎಂದರೆ, ಹಾಡಿಗೆ ವಿಡಿಯೋ ಬೇಕೇ ಬೇಕು, ಒಪ್ಪುತ್ತೇನೆ. ಫೋಟೋ ಅದಕ್ಕೆ ಬದಲಿಯಾಗಿ ಬರುವುದಿಲ್ಲ, ಜೊತೆಗೆ ಬರುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ರಾತ್ರಿ ಹೊರಗೆ ಬಂದ ಹೆಣ್ಣುಮಗಳ ಚಿತ್ರ ಮನೆಯವರ, ಊರವರ ಕೈ ಸೇರಿದರೆ ಅದರ ಬೆಲೆ ತೆರುವವಳು ಅವಳು. ಕ್ಲಬ್ಬಿನಲ್ಲಿ ಕುಣಿದವಳಿಗೂ, ಡಿ.ಜೆ. ಮುಂದೆ ಗೆಳತಿಯರೊಂದಿಗೆ ಹೆಜ್ಜೆ ಹಾಕಿದ ಹಳ್ಳಿಯ ಹುಡುಗಿಗೂ ಈ ಭಯ ಒಂದೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಇದ್ದ ಮಾತ್ರಕ್ಕೆ ಕತ್ತಲೆಯಲ್ಲಿ ರಕ್ಷಣೆ ತಾನಾಗಿ ಬರುವುದಿಲ್ಲ, ಅದು ಕ್ಯಾಮೆರಾ ಹಿಡಿದವನ ನಡತೆಯಲ್ಲಿ ಇರಬೇಕು. ಕ್ಯಾಮೆರಾ ಎತ್ತುವ ಮೊದಲು ಕಣ್ಣಿನಲ್ಲೇ ಕೇಳಿ ಒಪ್ಪಿಗೆ ಪಡೆಯುವುದು, ಕೈ ಅಡ್ಡ ಮಾಡಿದವರನ್ನು ಬಿಟ್ಟುಬಿಡುವುದು, ಕುಡಿದು ಎಚ್ಚರ ತಪ್ಪಿದವರನ್ನು ತೆಗೆಯದೇ ಇರುವುದು, ತೆಗೆದದ್ದನ್ನು ಅಳಿಸಿ ಎಂದರೆ ಎದುರಿಗೇ ಅಳಿಸುವುದು, ಮಕ್ಕಳ ಮುಖವನ್ನು ಪ್ರಚಾರಕ್ಕೆ ಕೊಡದಿರುವುದು: ಇವಿಲ್ಲದವನನ್ನು ಕಸುಬುದಾರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಈ ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಬಿಗಿಯಾಗುತ್ತದೆ. ನಿಯಮವಿಲ್ಲದೆ ನೂರು ಮೊಬೈಲುಗಳು ತೆಗೆಯುವ ರಾತ್ರಿಗಿಂತ, ಹೆಸರು ಹಿಡಿದು ಗುರುತಿಸಬಹುದಾದ, ಹೊಣೆ ಹೊರುವ ಒಬ್ಬನಿರುವ ರಾತ್ರಿ ಹೆಣ್ಣುಮಕ್ಕಳಿಗೆ ಹೆಚ್ಚು ಸುರಕ್ಷಿತ. ಈ ಕಸುಬಿಗೆ ಹೆಣ್ಣುಮಕ್ಕಳು ಬಂದರೆ ಇನ್ನೂ ಒಳಿತು. ‘ಗರತಿಯ ಹಾಡು’ ಹಾಡಿದವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಇರುಳನ್ನು ತಾವೇ ನೋಡಿ ತೋರಿಸುವ ಕಾಲ ಬರಬೇಕು.

ಉಳಿದದ್ದು ಚಿತ್ರ ಯಾರ ಬಳಿ ಉಳಿಯಬೇಕು ಎಂಬ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟವರದೇ. ಎಂದರೆ ಕ್ಲಬ್ಬಿನ ರಾತ್ರಿಗಳ ಚಿತ್ರ ಕ್ಲಬ್ಬಿಗೆ, ಜಾತ್ರೆಯದು ಕಮಿಟಿಗೆ. ಕ್ಲಬ್ಬು ಮುಚ್ಚಿದರೆ, ಕಮಿಟಿ ಬದಲಾದರೆ ಕೇಳುವವರಿಲ್ಲ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವಾಗಲೇ, ಒಂದು ಪ್ರತಿ ತನ್ನಲ್ಲಿ ಉಳಿಯುತ್ತದೆ, ಅಧ್ಯಯನಕ್ಕೆ ಕೊಡುವ ಅಧಿಕಾರ ತನಗಿರುತ್ತದೆ ಎಂದು ಎರಡು ಸಾಲು ಬರೆಸಿಕೊಳ್ಳುವುದು ಫೋಟೋದವರಿಗೆ ಕಷ್ಟದ ಕೆಲಸವಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇಂಥ ಚಿತ್ರಗಳನ್ನು ಕೇಳಿ ಪಡೆದು ಜೋಪಾನ ಮಾಡಲು ತಕ್ಕ ಜಾಗಗಳು. ಇಂಡಿ, ಸಿಂದಗಿ, ಚಡಚಣದ ಸ್ಟುಡಿಯೋಗಳ ಹಾರ್ಡ್‌ಡಿಸ್ಕುಗಳಲ್ಲಿ ಮದುವೆ, ಸನ್ಮಾನಗಳ ಸಾವಿರಾರು ಕಡತಗಳ ನಡುವೆ ಅಕಸ್ಮಾತ್ತಾಗಿ ತೆಗೆದ ಮೇಳದ ಚಿತ್ರಗಳು ಸಿಕ್ಕರೆ, ಊರು, ತಾರೀಖು, ಮೇಳದ ಹೆಸರು, ಹಾಡಿದವರ ಹೆಸರು, ಡಪ್ಪು ಬಾರಿಸಿದವರ ಹೆಸರು ಇಷ್ಟನ್ನು ಗೊತ್ತಿದ್ದವರಿಂದ ಕೇಳಿ ಈಗಲೇ ಬರೆದಿಡಬೇಕು. ಆ ಹೆಸರುಗಳನ್ನು ಹೇಳಬಲ್ಲವರಲ್ಲಿ ಅನೇಕರಿಗೆ ಈಗಾಗಲೇ ವಯಸ್ಸಾಗಿದೆ.